ಕೆಟ್ಟ ಕಾಲದಲ್ಲಿ ಊರಿನ ಸೊಸೈಟಿ

ಬಿತ್ತನೆಗೆ ಮುಂಚೆ ಹಳ್ಳಿಗಳಲ್ಲಿ ನಡೆಯುವ ರೈತ ಸಭೆಗಳಲ್ಲಿ ಸುಧಾರಿತ ತಳಿ, ಬೀಜೋಪಚಾರ, ಗೊಬ್ಬರದ ಪ್ರಮಾಣ ಎಲ್ಲವನ್ನೂ ವಿವರಿಸಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. "ನೀವು ಹೇಳೂದೆಲ್ಲಾ ಖರೆ ಸಾಹೇಬರ, ಈ ಸಲ ಸೊಸೈಟಿ ಸಾಲ ಕೊಡತೈತೇನು ಅದನ್ನ ಹೇಳ್ರಿ." ಬೇಸಾಯ ಇಲಾಖೆಯವರಿಗೆ ಈ ಪ್ರಶ್ನೆ ಸಂಬಂಧಪಟ್ಟದ್ದಲ್ಲ ಎಂದು ಜಾರಿಕೊಳ್ಳಬಹುದು. ಆದರೆ ಹೊತ್ತಿಗೆ ಸರಿಯಾಗಿ ಕೈಗೆ ಹಣ ಸಿಗದಿದ್ದರೆ ಒಳ್ಳೆಯ ತಳಿಯ ಬೀಜ ಅಂಗಡಿಯಲ್ಲಿಯೇ ಉಳಿಯುತ್ತದೆ, ಹದ ಆರಿಹೋಗುತ್ತದೆ. ಆದ್ದರಿಂದ ಈ ವಾರ ಬೆಳೆಯ ವಿಷಯ ಬಿಟ್ಟು ಬೆಳೆಯ ಬೆನ್ನಿಗಿರುವ ಪತ್ತಿನ ವಿಷಯವನ್ನು ನೋಡೋಣ.

ಒಳ್ಳೆಯ ವರ್ಷದಲ್ಲಿ ಎಲ್ಲ ಸೊಸೈಟಿಗಳೂ ಒಳ್ಳೆಯವೇ. ಸಾಲ ಹೋಗುತ್ತದೆ, ಸುಗ್ಗಿಯಾದ ಮೇಲೆ ಮರಳಿ ಬರುತ್ತದೆ. ಯಾವುದು ಗಟ್ಟಿ, ಯಾವುದು ಪೊಳ್ಳು ಎಂಬುದು ತಿಳಿಯುವುದು ಕೆಟ್ಟ ವರ್ಷದಲ್ಲಿ. ಈ ಕೆಡುಕು ಎರಡು ದಾರಿಯಿಂದ ಬರುತ್ತದೆ. ಒಂದು ಮಳೆ ಕೈಕೊಡುವುದು. 2023ರ ಮುಂಗಾರಿನಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಇನ್ನೊಂದು ಪೇಟೆ ಮಲಗುವುದು. ದೇಶದಲ್ಲಿ ಆರ್ಥಿಕ ಹಿಂಜರಿತ ಬಂದಿದೆ ಎಂದು ಪತ್ರಿಕೆಗಳು ಬರೆಯುವಾಗ ಅದು ಎಲ್ಲೋ ಮುಂಬಯಿಯ ಷೇರು ಪೇಟೆಯ ಸಂಗತಿ ಎಂದು ಹಳ್ಳಿಯವರಿಗೆ ತೋರುವುದು ಸಹಜ. ಆದರೆ ಅದು ಹತ್ತಿಯ ಧಾರಣೆಯಾಗಿ, ಈರುಳ್ಳಿಯ ಧಾರಣೆಯಾಗಿ, ಪಟ್ಟಣದಲ್ಲಿ ದುಡಿಯುವ ಮಗನ ಕೆಲಸ ಹೋಗಿ ಮನಿಯಾರ್ಡರು ನಿಂತ ಸುದ್ದಿಯಾಗಿ ಊರಿಗೆ ಬಂದೇ ಬರುತ್ತದೆ. (ಈಗ ಮನಿಯಾರ್ಡರಿನ ಬದಲು ಫೋನಿನಲ್ಲಿ ಹಣ ಬರುತ್ತದೆ, ನಿಲ್ಲುವುದು ಮಾತ್ರ ಮೊದಲಿನಂತೆಯೇ.) 2020ರ ಲಾಕ್‌ಡೌನಿನಲ್ಲಿ ಇದನ್ನು ಎಲ್ಲರೂ ಕಂಡಿದ್ದಾರೆ.

ಮುಗ್ಗಟ್ಟಿನಲ್ಲಿಯೇ ಹುಟ್ಟಿದ ಸಂಸ್ಥೆ

ಸಹಕಾರಿ ಪತ್ತು ಸುಭಿಕ್ಷದ ಕಾಲದಲ್ಲಿ ಹುಟ್ಟಿದ್ದಲ್ಲ. ಜರ್ಮನಿಯಲ್ಲಿ 1846–47ರ ಬರಗಾಲದಲ್ಲಿ ರೈಫೈಸನ್ ಎಂಬ ಊರಿನ ಅಧಿಕಾರಿಯೊಬ್ಬರು ಹಸಿದವರಿಗೆ ರೊಟ್ಟಿ ಒದಗಿಸಲು ಸಂಘ ಕಟ್ಟಿದರು. ದಾನದಿಂದ ಸಂಘ ಬಹುಕಾಲ ನಡೆಯದೆಂದು ಕಂಡುಕೊಂಡು 1864ರಲ್ಲಿ ಹೆಡೆಸ್‌ಡಾರ್ಫ್ ಎಂಬಲ್ಲಿ ರೈತರದೇ ಸಾಲದ ಸಂಘವನ್ನು ಆರಂಭಿಸಿದರು. ಸಂಘದ ವ್ಯಾಪ್ತಿ ಚಿಕ್ಕದಿರಬೇಕು, ಸದಸ್ಯರು ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು, ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ, ಲಾಭವನ್ನು ಹಂಚಿಕೊಳ್ಳದೆ ನಿಧಿಗೆ ಸೇರಿಸಬೇಕು: ಇವು ಅವರ ಕಟ್ಟಳೆಗಳು.

ನಮ್ಮ ಕಡೆಯ ಕಥೆಯೂ ಬೇರೆಯಲ್ಲ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತು, ಪಶ್ಚಿಮ ಭಾರತದ ಹತ್ತಿಗೆ ಬಂಗಾರದ ಬೆಲೆ ಬಂತು. ಸಾಹುಕಾರರು ಕರೆದು ಕರೆದು ಸಾಲ ಕೊಟ್ಟರು. ಯುದ್ಧ ಮುಗಿಯಿತು, ಬೆಲೆ ಬಿತ್ತು, ಸಾಲ ಉಳಿಯಿತು. ಮುಂದೆ 1875ರಲ್ಲಿ ಪುಣೆ, ಅಹ್ಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಸರ್ಕಾರ ಕಣ್ಣು ತೆರೆದು ಕಾನೂನುಗಳನ್ನು ಮಾಡಿತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಆರಂಭವಾಯಿತು. ಆ ಕಾಯ್ದೆಯ ಪ್ರಕಾರ ದೇಶದಲ್ಲಿಯೇ ಮೊದಲನೆಯದೆಂಬ ಹೆಗ್ಗಳಿಕೆ ಅದಕ್ಕಿದೆ.

ಒಂದೇ ಮೋಡದ ಕೆಳಗೆ

ಊರಿನ ಸೊಸೈಟಿಯ ದೊಡ್ಡ ಬಲ ಯಾವುದೆಂದರೆ ಅದು ಸಾಲಗಾರನನ್ನು ಬಲ್ಲದು. ಯಾರ ಹೊಲದಲ್ಲಿ ಏನಿದೆ, ಯಾರ ಬಾವಿಯಲ್ಲಿ ನೀರಿದೆ, ಯಾರು ಮಾತಿಗೆ ನಿಲ್ಲುವವರು ಎಂಬುದು ಕಾರ್ಯದರ್ಶಿಗೆ ಕಾಗದ ನೋಡದೆಯೂ ಗೊತ್ತು. ದೊಡ್ಡ ಬ್ಯಾಂಕಿನ ಮ್ಯಾನೇಜರರು ವರ್ಗವಾಗಿ ಬಂದು ಊರು ಪರಿಚಯವಾಗುವಷ್ಟರಲ್ಲಿ ಮತ್ತೆ ವರ್ಗವಾಗಿ ಹೋಗುತ್ತಾರೆ.

ಅದೇ ಸೊಸೈಟಿಯ ದೊಡ್ಡ ದೌರ್ಬಲ್ಯವೂ ಇದರಲ್ಲಿಯೇ ಇದೆ. ಸದಸ್ಯರೆಲ್ಲ ಒಂದೇ ಊರಿನವರು, ಒಂದೇ ಮೋಡದ ಕೆಳಗಿನವರು, ಬಹುಪಾಲು ಒಂದೇ ಬೆಳೆ ಬೆಳೆಯುವವರು. ಮಳೆ ಹೋದರೆ ಎಲ್ಲರಿಗೂ ಹೋಯಿತು, ಧಾರಣೆ ಬಿದ್ದರೆ ಎಲ್ಲರಿಗೂ ಬಿತ್ತು. ದೊಡ್ಡ ಬ್ಯಾಂಕಿಗೆ ರಾಯಚೂರಿನಲ್ಲಿ ಹೋದದ್ದು ಕೊಡಗಿನಲ್ಲಿ ಬರಬಹುದು. ಊರ ಸೊಸೈಟಿಗೆ ಆ ಅನುಕೂಲವಿಲ್ಲ.

1929ರ ನಂತರದ ಜಗತ್ತಿನ ಆರ್ಥಿಕ ಮುಗ್ಗಟ್ಟಿನಲ್ಲಿ ಇದು ನಿಚ್ಚಳವಾಗಿ ಕಂಡಿತು. ನಾಲ್ಕು ವರ್ಷಗಳೊಳಗೆ ನಮ್ಮ ದೇಶದಲ್ಲಿ ಕೃಷಿ ಪದಾರ್ಥಗಳ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಸಾಲ ಮಾತ್ರ ರೂಪಾಯಿಯಲ್ಲಿ ಬರೆದದ್ದು, ಅದು ಇಳಿಯುವುದಿಲ್ಲ. ಒಂದು ಅಂಡಿಗೆ ಹತ್ತಿ ಮಾರಿ ತೀರಿಸಬಹುದಾಗಿದ್ದ ಸಾಲಕ್ಕೆ ಎರಡು ಅಂಡಿಗೆ ಬೇಕಾಯಿತು. ಬೆಳೆ ಬಂದರೂ ಸಾಲ ತೀರದ ವಿಚಿತ್ರ ಸ್ಥಿತಿ. ಸುಸ್ತಿ ಏರಿತು, ಎಷ್ಟೋ ಸಂಘಗಳು ಹೊಸ ಸಾಲ ಕೊಡುವುದನ್ನು ನಿಲ್ಲಿಸಿದವು, ಎಷ್ಟೋ ಮುಚ್ಚಿದವು. ರೈತ ಮತ್ತೆ ಸಾಹುಕಾರನ ಕಟ್ಟೆಗೇ ಹೋದ. 1951–52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಪತ್ತಿನ ಸಮೀಕ್ಷೆಯಲ್ಲಿ ರೈತರು ಪಡೆದ ಒಟ್ಟು ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ ಮೂರರಷ್ಟು ಮಾತ್ರ ಎಂದು ಕಂಡುಬಂತು. ಅರ್ಧ ಶತಮಾನದ ಚಳವಳಿಗೆ ಇದು ಮುಖಭಂಗವೇ ಸರಿ.

ಹಾಗಾದರೆ ಕೆಟ್ಟ ವರ್ಷದಲ್ಲಿ ಒಂದು ಸೊಸೈಟಿ ಬಿದ್ದು ಪಕ್ಕದ ಊರಿನದು ನಿಲ್ಲುವುದು ಹೇಗೆ? ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ. ಎರಡು ಊರುಗಳ ಸೊಸೈಟಿಗಳು ತಲಾ 1 ಕೋಟಿ 10 ಲಕ್ಷ ರೂ. ಬೆಳೆ ಸಾಲ ಹಂಚಿವೆ. ಮೊದಲನೆಯದರ ಸ್ವಂತ ಹಣ ಬರೀ 10 ಲಕ್ಷ. ಉಳಿದ 1 ಕೋಟಿ ಡಿ.ಸಿ.ಸಿ. ಬ್ಯಾಂಕಿನಿಂದ ತಂದದ್ದು. ಎರಡನೆಯದರ ಷೇರು, ಆಪದ್ಧನ ನಿಧಿ ಮತ್ತು ಸದಸ್ಯರ ಠೇವಣಿ ಸೇರಿ 40 ಲಕ್ಷ. ಬ್ಯಾಂಕಿನಿಂದ ತಂದದ್ದು 70 ಲಕ್ಷ. ಬರ ಬಂತು, ಎರಡೂ ಕಡೆ 30 ಲಕ್ಷ ಸುಸ್ತಿಯಾಯಿತು, 80 ಲಕ್ಷ ವಸೂಲಾಯಿತು. ಮೊದಲನೆಯ ಸೊಸೈಟಿ ಬ್ಯಾಂಕಿಗೆ 20 ಲಕ್ಷ ಕಡಿಮೆ ಕಟ್ಟಿ ತಾನೇ ಸುಸ್ತಿದಾರನಾಯಿತು. ಎರಡನೆಯದು 70 ಲಕ್ಷವನ್ನೂ ಚುಕ್ತಾ ಮಾಡಿ 10 ಲಕ್ಷ ಕೈಯಲ್ಲಿ ಉಳಿಸಿಕೊಂಡಿತು.

ಇಲ್ಲಿ ರೈತ ಬಾಂಧವರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸೊಸೈಟಿ ತಾನೇ ಸುಸ್ತಿಯಾದಾಗ ಮೇಲಿನ ಬ್ಯಾಂಕು ಮುಂದಿನ ಸಾಲಕ್ಕೆ ಕೈ ಬಿಗಿಹಿಡಿಯುತ್ತದೆ. ಆಗ ತೊಂದರೆಗೆ ಸಿಕ್ಕುವವರು ಬಾಕಿ ಉಳಿಸಿಕೊಂಡವರಷ್ಟೇ ಅಲ್ಲ. ಎತ್ತು ಮಾರಿಯೋ, ಹೆಂಡತಿಯ ಬೋರಮಾಳ ಅಡವಿಟ್ಟೋ ಹೊತ್ತಿಗೆ ಸರಿಯಾಗಿ ಕಟ್ಟಿದವನಿಗೂ ಮರುವರ್ಷ ಸಾಲವಿಲ್ಲ. ಕಟ್ಟಿದವನ ಮನಸ್ಸು ಕೆಡುವುದು ಆಗಲೇ. ಮುಂದಿನ ಸಲ ಅವನೂ ಕಟ್ಟುವುದಿಲ್ಲ. ನಾನು ಬಲ್ಲಂತೆ ಸೊಸೈಟಿಗಳನ್ನು ಬರಗಾಲ ಕೊಂದದ್ದಕ್ಕಿಂತ ಬರಗಾಲದ ಮರುವರ್ಷ ಕೊಂದದ್ದೇ ಹೆಚ್ಚು.

ಸ್ವಂತ ಹಣ ಎಂದೆವಲ್ಲ, ಅದರಲ್ಲಿಯೂ ಭೇದವಿದೆ. ಠೇವಣಿ ಇಟ್ಟವರೂ ಅದೇ ಊರಿನವರು. ಬರ ಬಂದಾಗ ಮೇವು ಕೊಳ್ಳಲು, ಮಗಳ ಮದುವೆ ಮಾಡಲು ಅವರೂ ಬಂದು ಹಣ ಕೇಳುತ್ತಾರೆ. ಸಾಲ ಬಾರದಿರುವುದು, ಠೇವಣಿ ಹೋಗುವುದು ಎರಡೂ ಒಮ್ಮೆಲೇ. ಪೂರ್ತಿ ನಂಬಬಹುದಾದದ್ದು ಷೇರು ಹಣ ಮತ್ತು ಆಪದ್ಧನ ನಿಧಿ. ನಮ್ಮ ರಾಜ್ಯದ ಸಹಕಾರ ಸಂಘಗಳ ಕಾಯ್ದೆ ನಿವ್ವಳ ಲಾಭದಲ್ಲಿ ಕನಿಷ್ಠ ನಾಲ್ಕನೆಯ ಒಂದು ಭಾಗವನ್ನು ಆಪದ್ಧನ ನಿಧಿಗೆ ಹಾಕಬೇಕೆಂದು ವಿಧಿಸಿರುವುದು ಇದಕ್ಕಾಗಿಯೇ. ಡಿವಿಡೆಂಡು ಕಡಿಮೆಯಾಯಿತೆಂದು ಮಹಾಸಭೆಯಲ್ಲಿ ಕೂಗಾಡುವವರು ಈ ಮಾತನ್ನು ನೆನಪಿಡಬೇಕು.

ಠೇವಣಿಯಲ್ಲಿಯೂ ದೊಡ್ಡ ದೊಡ್ಡ ಮೊತ್ತದ ನಾಲ್ಕು ಜನರ ಹಣಕ್ಕಿಂತ ಸಣ್ಣ ಸಣ್ಣ ನೂರು ಜನರ ಹಣ ಗಟ್ಟಿ. ಉಡುಪಿಯಲ್ಲಿ 1925ರಲ್ಲಿ ಡಾ. ಟಿ.ಎಂ.ಎ. ಪೈ ಮತ್ತು ಅವರ ಜೊತೆಯವರು 8,000 ರೂ. ಬಂಡವಾಳದಿಂದ ಆರಂಭಿಸಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ಏಜೆಂಟನು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸುವ ಪದ್ಧತಿ. ಮರುವರ್ಷವೇ ಜಗತ್ತಿನ ಮುಗ್ಗಟ್ಟು ಬಂತು. ದೊಡ್ಡ ವ್ಯಾಪಾರಿಗಳನ್ನು ನಂಬದೆ ಎರಡಾಣೆಯವರನ್ನು ನಂಬಿದ ಆ ಬ್ಯಾಂಕು ಬೆಳೆದು ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಬೆಲೆ ಕುಸಿದಾಗಿನ ಮದ್ದು ಇನ್ನೊಂದು. ಸಾಲ ಕೊಡುವ ಸಂಸ್ಥೆಯೂ ಮಾಲು ಮಾರುವ ಸಂಸ್ಥೆಯೂ ಕೈ ಜೋಡಿಸಿದರೆ ವಸೂಲಿ ಸುಲಭ, ರೈತನಿಗೂ ಧಾರಣೆ ಸಿಕ್ಕುತ್ತದೆ. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ನೆಲ ಕಚ್ಚಿದಾಗ ದಕ್ಷಿಣ ಕನ್ನಡದ ಬೆಳೆಗಾರರು ಕೈಕಟ್ಟಿ ಕೂಡಲಿಲ್ಲ. ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪಿಸಿ ತಾವೇ ಖರೀದಿಗೆ ಇಳಿದರು. ಹಾಲಿನ ಸಂಘವಿರುವ ಊರಿನಲ್ಲಿಯೂ ಇದೇ ಗುಣ ಕಾಣುತ್ತದೆ. ಹೊಲದ ಬೆಳೆ ಹೋದರೂ ಹಾಲಿನ ಬಟವಾಡೆ ಬರುತ್ತಿರುತ್ತದೆ, ಕಂತು ಕಟ್ಟಲು ಒಂದು ಆಧಾರ. ತೊಗರಿಯ ಸಾಲುಗಳ ನಡುವೆ ಅಂತರ ಬೆಳೆ ಹಾಕಿರಿ ಎಂದು ನಾವು ಹೇಳುವುದು ಭೂಮಿಯ ದೃಷ್ಟಿಯಿಂದ. ಸೊಸೈಟಿಯ ದೃಷ್ಟಿಯಿಂದಲೂ ಅದೇ ಸರಿ.

ಮೇಲಿನ ಕಾಲುವೆ

ಸೊಸೈಟಿಯ ಹಣ ಕಾಲುವೆಯ ನೀರಿದ್ದಂತೆ. ನಬಾರ್ಡಿನಿಂದ ಅಪೆಕ್ಸ್ ಬ್ಯಾಂಕಿಗೆ, ಅಲ್ಲಿಂದ ಜಿಲ್ಲೆಯ ಡಿ.ಸಿ.ಸಿ. ಬ್ಯಾಂಕಿಗೆ, ಅಲ್ಲಿಂದ ಸೊಸೈಟಿಗೆ ಇಳಿದು ಬರುತ್ತದೆ. ಒಂದೇ ಮೋಡದ ಕೆಳಗಿನ ಸಂಘವನ್ನು ಕೆಟ್ಟ ವರ್ಷದಲ್ಲಿ ಹಿಡಿದು ನಿಲ್ಲಿಸಬೇಕಾದದ್ದು ಈ ಮೇಲಿನ ಹಂತಗಳು. ಅದಕ್ಕಾಗಿ ರಿಸರ್ವ್ ಬ್ಯಾಂಕು 1956ರಲ್ಲಿಯೇ ಕೃಷಿ ಪತ್ತಿನ ಸ್ಥಿರೀಕರಣ ನಿಧಿಯೊಂದನ್ನು ಸ್ಥಾಪಿಸಿತು. 1982ರಲ್ಲಿ ನಬಾರ್ಡ್ ಬಂದಾಗ ಆ ಹೊಣೆ ಅದಕ್ಕೆ ಹೋಯಿತು. ಬೆಳೆ ಹೋದ ಪ್ರದೇಶದಲ್ಲಿ ಅಲ್ಪಾವಧಿ ಸಾಲವನ್ನು ಮಧ್ಯಮಾವಧಿ ಸಾಲವಾಗಿ ಪರಿವರ್ತಿಸಿ, ಕೆಲವು ವರ್ಷಗಳ ಕಂತು ಮಾಡಿ, ರೈತನಿಗೆ ಹೊಸ ಬೆಳೆ ಸಾಲಕ್ಕೆ ದಾರಿ ಬಿಡುವುದು ಇದರ ಉದ್ದೇಶ. ಬ್ಯಾಂಕುಗಳ ಇಂಥ ಪರಿಹಾರಕ್ಕೆ ಮೊದಲು ಬೆಳೆ ಅರ್ಧದಷ್ಟು ಹಾಳಾಗಿರಬೇಕಿತ್ತು. 2015ರಲ್ಲಿ ಆ ಮಿತಿಯನ್ನು ಶೇ. 33ಕ್ಕೆ ಇಳಿಸಲಾಯಿತು.

ಪರಿವರ್ತನೆ ತಾನಾಗಿ ಆಗುವುದಿಲ್ಲ. ಸರ್ಕಾರದ ಘೋಷಣೆ ಬೇಕು, ಸೊಸೈಟಿ ಪಟ್ಟಿ ಮಾಡಬೇಕು, ಬ್ಯಾಂಕು ಒಪ್ಪಬೇಕು. ಬರ ಬರುವುದಕ್ಕೆ ಮೊದಲೇ ಸುಸ್ತಿಯಾಗಿದ್ದ ಸಾಲಕ್ಕೆ ಸಾಮಾನ್ಯವಾಗಿ ಈ ಸೌಲಭ್ಯ ದೊರೆಯುವುದಿಲ್ಲ. ಬೆಳೆ ಒಣಗುತ್ತಿರುವಾಗಲೇ ಸೊಸೈಟಿಗೆ ಹೋಗಿ ಲಿಖಿತ ಅರ್ಜಿ ಕೊಡುವುದು ಒಳ್ಳೆಯದು. ಗಡುವು ದಾಟಿದ ಮೇಲೆ ಹೋದರೆ ಕಾರ್ಯದರ್ಶಿಯ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಬಡ್ಡಿಯಿಲ್ಲದ ಬೆಳೆ ಸಾಲವೂ ಹಾಗೆಯೇ. ಅವಧಿಯೊಳಗೆ ಕಟ್ಟಿದವರಿಗೆ ಮಾತ್ರ ಸೊನ್ನೆ ಬಡ್ಡಿ. ದಿನ ಮೀರಿದರೆ ಸರ್ಕಾರ ಕಟ್ಟುತ್ತಿದ್ದ ಬಡ್ಡಿ ರೈತನ ತಲೆಗೇ ಬರುತ್ತದೆ.

ಮೇಲಿನ ಕಾಲುವೆಯೇ ಒಡೆದರೆ? ಇದಕ್ಕೆ ದೂರದ ಅಮೆರಿಕದ ಉದಾಹರಣೆ ತಕ್ಕದ್ದಾಗಿದೆ. 2008ರ ಹಿಂಜರಿತದಿಂದ 2012ರವರೆಗೆ ಅಲ್ಲಿ 450ಕ್ಕೂ ಹೆಚ್ಚು ಬ್ಯಾಂಕುಗಳು ಮುಳುಗಿದವು. ಅಲ್ಲಿಯೂ ನಮ್ಮ ಸೊಸೈಟಿಗಳನ್ನು ಹೋಲುವ, ಸದಸ್ಯರದೇ ಆದ ಕ್ರೆಡಿಟ್ ಯೂನಿಯನ್ ಎಂಬ ಸಂಘಗಳಿವೆ. ತಮ್ಮ ಸದಸ್ಯರಿಗೆ ಮಾತ್ರ ಸಾಲ ಕೊಡುವ ಅವುಗಳಲ್ಲಿ ಬಹುಪಾಲು ಉಳಿದುಕೊಂಡವು. ಆದರೆ ಈ ಸಂಘಗಳು ತಮ್ಮ ಹೆಚ್ಚಿನ ಹಣವನ್ನು ಇಡುತ್ತಿದ್ದ ಮೇಲಿನ ಹಂತದ ಸಂಸ್ಥೆಗಳಿದ್ದವು. ಅವು ಹೆಚ್ಚು ಬಡ್ಡಿಯ ಆಸೆಗೆ ಮನೆ ಸಾಲದ ಪತ್ರಗಳಲ್ಲಿ ಹಣ ಹೂಡಿದ್ದವು. ಆ ಪತ್ರಗಳ ಬೆಲೆ ಕುಸಿದು, 2009ರ ಮಾರ್ಚಿನಲ್ಲಿ ಅಂಥ ಎರಡು ದೊಡ್ಡ ಸಂಸ್ಥೆಗಳನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ನಷ್ಟ ತುಂಬಲು ಕೆಳಗಿನ ಗಟ್ಟಿ ಸಂಘಗಳೂ ವರ್ಷಗಟ್ಟಲೆ ವಂತಿಗೆ ಕಟ್ಟಬೇಕಾಯಿತು. ನಮ್ಮ ಸೊಸೈಟಿಯ ಲೆಕ್ಕ ಚೊಕ್ಕಟವಿದ್ದರೆ ಸಾಲದು, ನಮ್ಮ ಹಣ ಹೋಗಿ ಕೂಡುವ ಜಿಲ್ಲಾ ಬ್ಯಾಂಕು ಯಾರಿಗೆ ಸಾಲ ಕೊಟ್ಟಿದೆ ಎಂಬುದೂ ನಮ್ಮ ವಿಷಯವೇ. ಡಿ.ಸಿ.ಸಿ. ಬ್ಯಾಂಕಿನ ಮಹಾಸಭೆಗೆ ಹೋಗಿಬರುವ ನಮ್ಮ ಸೊಸೈಟಿಯ ಪ್ರತಿನಿಧಿಯನ್ನು "ಅಲ್ಲಿ ಏನು ನಡೆಯಿತು?" ಎಂದು ಕೇಳುವ ವಾಡಿಕೆಯೇ ನಮ್ಮಲ್ಲಿ ಇಲ್ಲ.

ಮಾರ್ಚ್ ತಿಂಗಳ ಆಟ

ಇನ್ನು ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿ ಬಿಡದ ವಿಷಯ. ಗಡುವು ಬಂದಾಗ ಕೈಯಲ್ಲಿ ಹಣವಿಲ್ಲದ ರೈತ ಎರಡು ಮೂರು ದಿನಕ್ಕೆಂದು ಖಾಸಗಿಯವರಲ್ಲಿ ಕೈಗಡ ತರುತ್ತಾನೆ, ಸೊಸೈಟಿಗೆ ಕಟ್ಟುತ್ತಾನೆ, ಕೂಡಲೇ ಹೊಸ ಸಾಲ ಪಡೆದು ಕೈಗಡ ತೀರಿಸುತ್ತಾನೆ. ಕೆಲವೆಡೆ ಹಣ ಕೈ ಬದಲಾಗುವುದೂ ಇಲ್ಲ, ಪುಸ್ತಕದಲ್ಲಿಯೇ ಜಮಾ, ಪುಸ್ತಕದಲ್ಲಿಯೇ ಖರ್ಚು. ವಸೂಲಿ ನೂರಕ್ಕೆ ನೂರು ಎಂದು ವರದಿಯಾಗುತ್ತದೆ.

ಇದರಿಂದ ಆ ಹೊತ್ತಿನ ಕಷ್ಟ ಕಳೆಯುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ನಷ್ಟ ಮೂರು ಬಗೆಯದು. ಕೈಗಡದ ಬಡ್ಡಿ ರೈತನಿಗೆ ಸುಮ್ಮನೆ ದಂಡ. ಹೊಸ ಸಾಲ ಹಳೆಯದಕ್ಕೇ ಹೋದುದರಿಂದ ಬೀಜ ಗೊಬ್ಬರಕ್ಕೆ ಏನೂ ಉಳಿಯುವುದಿಲ್ಲ. ಬೆಳೆ ಹೋಗಿದ್ದರೂ ಪುಸ್ತಕದಲ್ಲಿ ಸುಸ್ತಿ ಕಾಣದಿರುವುದರಿಂದ, ಪರಿವರ್ತನೆಗೆ ನಿಜವಾಗಿ ಹಕ್ಕುಳ್ಳ ಊರು ಅದನ್ನು ಕೇಳುವ ನೆಲೆಯನ್ನೇ ಕಳೆದುಕೊಳ್ಳುತ್ತದೆ. ಜ್ವರ ಬಂದವನು ವೈದ್ಯರ ಮುಂದೆ ತಣ್ಣೀರಲ್ಲಿ ಕೈ ಅದ್ದಿ ತೋರಿಸಿದ ಹಾಗೆ.

ಸಾಲ ಮನ್ನಾದ ವಿಷಯ ಬಂದಾಗ ಅಭಿಪ್ರಾಯಗಳು ಹಲವು. 1990ರಲ್ಲಿ ಕೇಂದ್ರ ಸರ್ಕಾರ 10,000 ರೂ. ವರೆಗಿನ ಸಾಲ ಮನ್ನಾ ಮಾಡಿತು. 2008ರಲ್ಲಿ ಮತ್ತೊಮ್ಮೆ ದೇಶವ್ಯಾಪಿ ಮನ್ನಾ ಆಯಿತು. ನಮ್ಮ ರಾಜ್ಯದಲ್ಲಿ 2017ರಲ್ಲಿ ಸಹಕಾರಿ ಸಂಘಗಳ 50,000 ರೂ. ವರೆಗಿನ ಬೆಳೆ ಸಾಲ, 2018ರಲ್ಲಿ 1 ಲಕ್ಷ ರೂ. ವರೆಗಿನದು ಮನ್ನಾ ಆದವು. ಬೆನ್ನು ಬೆನ್ನಿಗೆ ಬರ ಕಂಡ ರೈತನಿಗೆ ಅದು ಉಸಿರು ಕೊಟ್ಟದ್ದು ನಿಜ. ಹೊರಗೆ ಕುಳಿತು ಟೀಕಿಸುವುದು ಸುಲಭ. ಆದರೆ ಸೊಸೈಟಿಯ ಕಡೆಯಿಂದ ನೋಡಿದರೆ ಘೋಷಣೆಯಾದ ದಿನವೇ ವಸೂಲಿ ನಿಲ್ಲುತ್ತದೆ, ಸರ್ಕಾರದ ಹಣ ಕಂತು ಕಂತಾಗಿ ತಡವಾಗಿ ಬರುತ್ತದೆ. ನಡುವಿನ ಆ ತಿಂಗಳುಗಳನ್ನು ಸೊಸೈಟಿ ತನ್ನ ನಿಧಿಯಿಂದಲೇ ದಾಟಬೇಕು. 2024ರ ಆರಂಭದಲ್ಲಿ ರಾಜ್ಯ ಸರ್ಕಾರ ಬೇರೊಂದು ದಾರಿ ಹಿಡಿಯಿತು. ಸುಸ್ತಿಯಾದ ಮಧ್ಯಮಾವಧಿ, ದೀರ್ಘಾವಧಿ ಸಾಲದ ಅಸಲು ಕಟ್ಟಿದವರಿಗೆ ಬಡ್ಡಿ ಮನ್ನಾ ಮಾಡಿತು. ಅಸಲು ಸಂಘಕ್ಕೆ ಮರಳುವ ಈ ಕ್ರಮ ನನಗೆ ಹೆಚ್ಚು ಹಿಡಿಸುತ್ತದೆ.

ಠೇವಣಿ ಇಟ್ಟವರಿಗೆ

ಬ್ಯಾಂಕು ಮುಳುಗಿದರೆ ಠೇವಣಿದಾರನ ಗತಿಯೇನು ಎಂಬ ಪ್ರಶ್ನೆ 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿದಾಗ ದೇಶಕ್ಕೆಲ್ಲ ತಟ್ಟಿತು. 1962ರಲ್ಲಿ ಠೇವಣಿ ವಿಮೆ ಬಂತು, ಆಗ ಮಿತಿ 1,500 ರೂ. 1993ರಲ್ಲಿ 1 ಲಕ್ಷವಾದದ್ದು 2020ರ ಫೆಬ್ರುವರಿಯಲ್ಲಿ 5 ಲಕ್ಷಕ್ಕೆ ಏರಿತು. ಅದಕ್ಕೆ ಹಿಂದಿನ ವರ್ಷ ಮುಂಬಯಿಯ ಪಿ.ಎಂ.ಸಿ. ಸಹಕಾರಿ ಬ್ಯಾಂಕು ತನ್ನ ಸಾಲದ ಶೇ. 70ಕ್ಕೂ ಹೆಚ್ಚನ್ನು ಮನೆ ಕಟ್ಟಿಸುವ ಒಂದೇ ಕಂಪನಿಯ ಬಳಗಕ್ಕೆ ಕೊಟ್ಟು ಮುಚ್ಚಿಟ್ಟಿದ್ದು ಬಯಲಾಗಿತ್ತು. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ವ್ಯವಹಾರಕ್ಕೂ ರಿಸರ್ವ್ ಬ್ಯಾಂಕು ತಡೆ ಹಾಕಿತ್ತು.

ಈ ವಿಮೆ ರಿಸರ್ವ್ ಬ್ಯಾಂಕಿನ ಹತೋಟಿಯಲ್ಲಿರುವ ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಅಪೆಕ್ಸ್, ಡಿ.ಸಿ.ಸಿ. ಹಾಗೂ ಪಟ್ಟಣ ಸಹಕಾರ ಬ್ಯಾಂಕುಗಳಿಗೆ ಇದೆ. ಊರಿನ ಕೃಷಿ ಪತ್ತಿನ ಸಂಘಕ್ಕೂ ಸೌಹಾರ್ದ ಪತ್ತಿನ ಸಹಕಾರಿಗಳಿಗೂ ಇಲ್ಲ. ಎಷ್ಟೋ ಜನರಿಗೆ ಇದು ತಿಳಿಯದು. ಸೊಸೈಟಿಯಲ್ಲಿ ಠೇವಣಿ ಇಡಬಾರದೆಂದು ಇದರ ಅರ್ಥವಲ್ಲ. ಸೊಸೈಟಿ ಗಟ್ಟಿಯಾಗಬೇಕಾದರೆ ಸದಸ್ಯರ ಹಣ ಬೇಕೇ ಬೇಕು. ಆದರೆ ಹೊಲ ಮಾರಿದ ಹಣವನ್ನೆಲ್ಲ ಅರ್ಧ ಬಡ್ಡಿ ಹೆಚ್ಚು ಸಿಗುತ್ತದೆಂದು ಒಂದೇ ಕಡೆ ಸುರಿಯುವ ಮೊದಲು ಆ ಸಂಘದ ಲೆಕ್ಕಪತ್ರ ನೋಡಬೇಕು.

ಮಹಾಸಭೆಯಲ್ಲಿ ನೋಡಬೇಕಾದದ್ದು

ಪ್ರತಿ ವರ್ಷ ಮಹಾಸಭೆಗೆ ಮುಂಚೆ ಅಚ್ಚಾದ ವರದಿ ಸದಸ್ಯರಿಗೆ ಸಿಗುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ಮಾಡಿನ ಸಂದಿಗೆ ಹೋಗುತ್ತದೆ. ಅಢಾವೆ ಪತ್ರಿಕೆಯನ್ನು ಪೂರ್ತಿ ಅರ್ಥಮಾಡಿಕೊಳ್ಳಬೇಕಾಗಿಲ್ಲ, ಕೆಲವು ಅಂಕಿಗಳನ್ನು ಹುಡುಕಿದರೆ ಸಾಕು. ಹೊರಗಿನಿಂದ ತಂದ ಸಾಲ ಎಷ್ಟು, ಷೇರು ಮತ್ತು ಆಪದ್ಧನ ನಿಧಿ ಎಷ್ಟು, ಈ ಎರಡರ ನಡುವಿನ ಅಂತರ ಕಳೆದ ವರ್ಷಕ್ಕಿಂತ ಹೆಚ್ಚಿತೇ ಇಳಿಯಿತೇ. ಒಟ್ಟು ಸಾಲದಲ್ಲಿ ಸುಸ್ತಿ ಎಷ್ಟು. ಮೂರು ವರ್ಷ ದಾಟಿದ ಹಳೆಯ ಸುಸ್ತಿ ಎಷ್ಟು. ಆಡಳಿತ ಮಂಡಳಿಯ ಸದಸ್ಯರ ಮತ್ತು ಅವರ ಮನೆಯವರ ಸಾಲ ಎಷ್ಟು, ಅದು ಚಾಲ್ತಿಯಲ್ಲಿದೆಯೇ. ಲೆಕ್ಕಪರಿಶೋಧಕರು ಯಾವ ವರ್ಗ ಕೊಟ್ಟಿದ್ದಾರೆ, "ಎ"ಯೋ "ಸಿ"ಯೋ, ಏನು ಆಕ್ಷೇಪಣೆ ಬರೆದಿದ್ದಾರೆ. ಬರ ಬಂದ ವರ್ಷವೂ ವಸೂಲಿ ನೂರಕ್ಕೆ ನೂರು ಎಂದಿದ್ದರೆ ಹಿಗ್ಗದೆ, ಅದು ಹೇಗಾಯಿತೆಂದು ಎದ್ದು ನಿಂತು ಕೇಳಬೇಕು.

ಬೆಳೆ ವಿಮೆಯದೂ ಒಂದು ಮಾತು. 2020ರ ಮುಂಗಾರಿನಿಂದ ಫಸಲ್ ಬಿಮಾ ಸಾಲಗಾರ ರೈತನಿಗೂ ಐಚ್ಛಿಕವಾಯಿತು. ಬೇಡವೆಂದು ಬರೆದುಕೊಟ್ಟವರನ್ನು ಬಿಟ್ಟು ಉಳಿದವರ ಕಂತನ್ನು ಸೊಸೈಟಿ ಮುರಿದುಕೊಳ್ಳುತ್ತದೆ. ಮುಂಗಾರು ಧಾನ್ಯ, ಎಣ್ಣೆಕಾಳುಗಳಿಗೆ ರೈತನ ಪಾಲು ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ಕಂತು ಮುರಿದುಕೊಂಡರೂ ಅದು ವಿಮಾ ಕಂಪನಿಗೆ ಹೊತ್ತಿಗೆ ಮುಟ್ಟಿದೆಯೇ, ಪಹಣಿಯಲ್ಲಿರುವ ಬೆಳೆಯೂ ವಿಮೆಯಲ್ಲಿ ಬರೆದ ಬೆಳೆಯೂ ಒಂದೇ ಆಗಿದೆಯೇ ಎಂಬುದನ್ನು ಕೊನೆಯ ದಿನಕ್ಕೆ ವಾರ ಮುಂಚೆಯೇ ಸೊಸೈಟಿಗೆ ಹೋಗಿ ಖಾತ್ರಿಮಾಡಿಕೊಂಡು ರಸೀತಿ ಪಡೆಯಿರಿ. ಹೊಲದಲ್ಲಿ ಹತ್ತಿ ಇದ್ದು ಕಾಗದದಲ್ಲಿ ಮೆಕ್ಕೆಜೋಳ ಇದ್ದರೆ ಪರಿಹಾರದ ಹಣ ಸಿಗುವುದು ಕಷ್ಟ.